ಸತ್ರದ ತಾರಸಿ ಬಡಿದವರು

ದೆವ್ವ ಭೂತದ ಮಾತು ಬಂದರೆ ಎದ್ದು ಹೋಗುವ ಜಾತಿಯವನು ನಾನು. ಕಟ್ಟಡ ಕಟ್ಟಿಸುವುದು ನನ್ನ ಕಸುಬು. ಹಳೆಯ ಮನೆಯಲ್ಲಿ ಏನೋ ಸದ್ದಾಗುತ್ತದೆ ಎಂದು ಯಾರಾದರೂ ಬಂದು ಹೇಳಿದರೆ, ತೊಲೆ ಒಣಗಿದೆ ಇಲ್ಲವೇ ಇಲಿ ಸೇರಿಕೊಂಡಿದೆ ಎಂದು ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನನ್ನ ಧಾಟಿ ಅದೇ. ಇದೊಂದು ಸಂಗತಿಯನ್ನು ಮಾತ್ರ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ನಂಬಿ ಎಂದು ನಾನು ನಿಮ್ಮನ್ನು ಒತ್ತಾಯಿಸುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಕೊಯಮತ್ತೂರಿನವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಸೂಲೂರಿನ ಕಡೆ ಬೇಸಾಯ ಮಾಡಿಕೊಂಡಿದ್ದವರು. ಅವರಲ್ಲಿ ಯಾರಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನನಗೆ ಓದಲು ಬರೆಯಲು ಕಲಿಸಿದವಳು ಕೊಳ್ಳೇಗಾಲದಿಂದ ಬಂದ ನನ್ನ ಹೆಂಡತಿ. ತಪ್ಪಿದ್ದರೆ ಅವಳನ್ನೇ ಕೇಳಿ.

ಎಂಬತ್ತರ ದಶಕದ ನಡುವೆ ನನ್ನ ತಂಗಿ ಸರಸುವಿಗೆ ಕಾಂಗೇಯದಲ್ಲಿ ಎಣ್ಣೆ ಮಿಲ್ಲು ಇಟ್ಟುಕೊಂಡಿದ್ದ ನಮ್ಮವರ ಮನೆಯ ಹುಡುಗ ಗೊತ್ತಾದ. ಅದಕ್ಕೂ ಮೊದಲು ಒಂದು ಸಂಬಂಧ ಕೂಡಿಬಂದು, ನಿಶ್ಚಿತಾರ್ಥದ ಹೊತ್ತಿಗೆ ಹುಡುಗನ ತಂದೆ ತೀರಿಕೊಂಡು ಮುರಿದುಹೋಗಿತ್ತು. ಆ ಮನುಷ್ಯನಿಗೆ ಎದೆನೋವು ಬಹಳ ಹಳೆಯದು. ಆದರೆ ನೆಂಟರಿಷ್ಟರ ಬಾಯಲ್ಲಿ ಸರಸು ಕಾಲ್ಗುಣ ಸರಿಯಿಲ್ಲದ ಹುಡುಗಿಯಾದಳು. ಮನೆ ತುಂಬ ನಗುತ್ತ ಓಡಾಡುತ್ತಿದ್ದವಳು ಶುಭಕಾರ್ಯದ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು.

ಹೊಸ ಬೀಗರು ಒಳ್ಳೆಯವರು. ಒಂದೇ ಒಂದು ಮಾತು ಹಿಡಿದರು: ಮದುವೆ ತಮ್ಮ ಸತ್ರದಲ್ಲೇ ಆಗಬೇಕು. ಧಾರಾಪುರದ ದಾರಿಯಲ್ಲಿ, ಪಳನಿಗೆ ನಡೆದು ಹೋಗುವವರಿಗೆಂದು ಅವರ ವಂಶದ ಹಿರಿಯನೊಬ್ಬ ಕಟ್ಟಿಸಿದ್ದ ಸತ್ರ ಅದು. ಹದಿನೆಂಟನೆಯ ಶತಮಾನದ ಕೊನೆ, ಈ ಸೀಮೆಯೆಲ್ಲ ಮೈಸೂರಿನವರ ಕೈಯಲ್ಲಿದ್ದ ಕಾಲ. ಕೋಟೆ, ಕೆರೆ ಎಂದು ಎಲ್ಲೆಲ್ಲೂ ಕಟ್ಟುವ ಕೆಲಸ ನಡೆಯುತ್ತಿತ್ತಂತೆ, ಗಾರೆಯವರನ್ನು ಘಟ್ಟದ ಮೇಲಿನ ಕನ್ನಡ ಸೀಮೆಯಿಂದ ಸಂಸಾರ ಸಮೇತ ಕರೆತರುತ್ತಿದ್ದರಂತೆ. ನೋಡಲು ಹೋದವನು ನಾನು ಮದುವೆ ಮಾತು ಮರೆತು ಕಂಬಗಳ ಮಧ್ಯೆ ಸುತ್ತಾಡಿದೆ. ಒಂದೇ ಬಂಡೆಯಿಂದ ಸೀಳಿದ ಕಂಬಗಳು, ಮೇಲೆ ತೇಗದ ತೊಲೆ, ತೊಲೆಯ ಮೇಲೆ ಓರೆಯಾಗಿ ಜೋಡಿಸಿದ ಇಟ್ಟಿಗೆ, ಅದರ ಮೇಲೆ ಗಾರೆಯ ತಾರಸಿ. ಅಳಲೆಕಾಯಿ ಬೆಲ್ಲ ನೆನೆಸಿದ ನೀರು ಚಿಮುಕಿಸಿ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿದು ಕೂರಿಸುತ್ತಿದ್ದ ತಾರಸಿ. ನಮ್ಮ ಸಿಮೆಂಟಿಗೆ ಆ ಗತ್ತು ಎಲ್ಲಿಂದ ಬರಬೇಕು!

ಗತ್ತಿದ್ದರೇನು, ಸೋರುತ್ತಿತ್ತು. ಅದೂ ಸರಿಯಾಗಿ ಹಸೆಮಣೆ ಹಾಕುವ ನಡುಮನೆಯ ಮೇಲೆ. ಬೀಗರ ಮನೆಯಲ್ಲಿ ಮದುವೆಗಳು ಯಾವಾಗಲೂ ಬಿಸಿಲುಗಾಲದಲ್ಲೇ ಆಗಿದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಹುಡುಗನ ಅಜ್ಜಿಗೆ ಮೊಮ್ಮಗನ ಮದುವೆ ಕಣ್ಣಿಂದ ನೋಡಿಬಿಡುವ ಅವಸರ, ಮುಹೂರ್ತ ಹೋಗಿ ಹೋಗಿ ದೀಪಾವಳಿಯ ಐಪ್ಪಸಿ ತಿಂಗಳಲ್ಲಿ ಬಿತ್ತು. ನಮ್ಮಲ್ಲಿ ಅದೇ ಮಳೆಯ ತಿಂಗಳು. ತಾಳಿ ಕಟ್ಟುವ ಮೊದಲು ಹಸೆಯ ಮೇಲೆ ಮಳೆನೀರು ಬಿದ್ದರೆ ಹೆಣ್ಣು ಆ ಮನೆಗೆ ಆಗಿಬರುವುದಿಲ್ಲ ಎಂದು ಅಜ್ಜಿ ನಮ್ಮೆದುರೇ ಹೇಳಿದ್ದರು. ಬೇರೆ ಹುಡುಗಿಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಮ್ಮ ಸರಸುವಿಗೆ ಒಂದು ಹನಿ ಬಿದ್ದರೂ ಜೀವಮಾನವಿಡೀ ಅದೇ ಮಾತು ಕೇಳಬೇಕಾಗುತ್ತಿತ್ತು.

ಗಾರೆ ತಾರಸಿ ಬಡಿಯುವವರಿಗಾಗಿ ನಾನು ಹುಡುಕದ ಊರಿಲ್ಲ. ಆ ಕಸುಬೇ ಹೋಗಿಬಿಟ್ಟಿತ್ತು. ಕೊನೆಗೆ ಮದುವೆಯ ಹಿಂದಿನ ದಿನ ಮಧ್ಯಾಹ್ನ, ಟಾರ್ಪಾಲನ್ನಾದರೂ ಹೊದಿಸೋಣವೆಂದು ಕಾಂಗೇಯಕ್ಕೆ ಹೋಗಿ ಲಾರಿಯವರೊಬ್ಬರಿಂದ ದೊಡ್ಡದೊಂದು ಟಾರ್ಪಾಲು ತಂದೆ. ಸತ್ರದ ಬಾಗಿಲಲ್ಲಿ ವ್ಯಾನಿಂದ ಇಳಿಯುತ್ತಿದ್ದ ಹಾಗೆ ಮೇಲಿಂದ ಸದ್ದು ಕೇಳಿಸಿತು. ಹಲವು ಕೈಗಳು ಒಟ್ಟಿಗೆ ಬಡಿಯುತ್ತಿದ್ದ ಸದ್ದು, ಒಂದೇ ತಾಳ.

ಅವ್ವ ಹಿತ್ತಲಿನ ಕಡೆ ತಂಬಿಗೆಯಲ್ಲಿ ಬೆಲ್ಲದ ಪಾನಕ ಹಿಡಿದು ನಿಂತಿದ್ದಳು. ತಾರಸಿ ಬಡಿಯುವವರಿಗೆ ಪಾನಕ ಕೊಡದೆ ಕಳಿಸಬಾರದು ಎಂದು ಅವಳ ಅಜ್ಜಿ ಹೇಳಿದ್ದಳಂತೆ. "ಒಳ್ಳೆ ವೇಲೆ ಮಾಡ್ದೆ ಕಣ್ಣು, ಆಳ್ಗಳ್ನ ಹಿಡ್ಕೊಂಡ್ ಬಂದ್ಬುಟ್ಟಿದೀಯ" ಎಂದಳು. ಕೆಲಸಕ್ಕೆ ವೇಲೆ, ಮುದ್ದಿನ ಮಗನಿಗೆ ಕಣ್ಣು: ಅವಳ ಕನ್ನಡದಲ್ಲಿ ಅಷ್ಟು ತಮಿಳು ಬೆರೆತಿತ್ತು. ನಾನು ಹಿಡಿದು ತಂದಿರಲಿಲ್ಲ. ಸತ್ರದ ಉಸ್ತುವಾರಿ ನೋಡುತ್ತಿದ್ದ ಹುಡುಗನ ದೊಡ್ಡಪ್ಪ ಕರೆಸಿರಬೇಕು ಎಂದುಕೊಂಡೆ. ಹಿಂದಿನ ದಿನ ಬಡಿದರೆ ಗಾರೆ ಯಾವಾಗ ಒಣಗುತ್ತದೆ ಎಂದು ಎಂಜಿನಿಯರನ ಬುದ್ಧಿ ಒಳಗೇ ಗೊಣಗಿತು. ಬೀಗರು ಮಾಡಿಸುತ್ತಿರುವ ಕೆಲಸಕ್ಕೆ ಬಾಯಿ ಹಾಕುವುದು ಬೇಡವೆಂದು ಸುಮ್ಮನಾದೆ.

ಮೇಲೆ ಹೋಗಲು ಹಿಂದಿನ ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲುಗಳು. ಅವ್ವನಿಗೆ ಮಂಡಿನೋವು. ಕೆಳಗೇ ನಿಂತು, ಬಂದು ಪಾನಕ ಕುಡಿದು ಹೋಗಿ ಎಂದು ತಮಿಳಿನಲ್ಲಿ ಕೂಗಿದಳು. ಸದ್ದು ನಿಲ್ಲಲಿಲ್ಲ. ಅದರ ನಡುವಿನಿಂದಲೇ ಒಬ್ಬ ಹೆಂಗಸಿನ ದನಿ ಬಂತು.

"ಅಲ್ಲೇ ಮಡಗಿರವ್ವ. ಇನ್ನೊಂದ್ ಸುತ್ತು ಐತೆ."

"ಮಳೆ ಬಂದ್ರೆ ಏನ್ ಗತಿಯಮ್ಮ?" ಎಂದಳು ಅವ್ವ.

"ಬರ್ಲಿ ಬುಡವ್ವ."

ಆ ದನಿಯಲ್ಲಿ ಎಷ್ಟು ನಿಶ್ಚಿಂತೆ ಇತ್ತೆಂದರೆ ಅವ್ವ ನಕ್ಕುಬಿಟ್ಟಳು. ನನಗೂ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಅಷ್ಟರಲ್ಲಿ ಗಂಡಿನ ಕಡೆಯವರ ಬಸ್ಸು ಬಂತು. ಕಾಫಿ, ಜಮಖಾನ, ಬಿಸಿನೀರು ಎಂದು ಎಲ್ಲರೂ ನನ್ನನ್ನೇ ಹಿಡಿದರು. ಟಾರ್ಪಾಲು ಸುತ್ತಿದ್ದು ಸುತ್ತಿದ ಹಾಗೆ ಜಗಲಿಯ ಮೂಲೆಯಲ್ಲೇ ಉಳಿಯಿತು. ಸಂಜೆ ಹಿತ್ತಲಿಗೆ ಹೋದಾಗ ಸದ್ದು ನಿಂತಿತ್ತು. ತಂಬಿಗೆ ಖಾಲಿಯಾಗಿತ್ತು, ಯಾರೋ ತೊಳೆದು ಕೆಳಗಿನ ಮೆಟ್ಟಿಲ ಮೇಲೆ ಬೋರಲು ಹಾಕಿದ್ದರು. ಹೇಳದೆ ಹೊರಟುಹೋದರಲ್ಲ, ಎಲೆಅಡಿಕೆ ಕೊಡಬೇಕಾಗಿತ್ತು ಎಂದು ಅವ್ವ ಪೇಚಾಡಿದಳು.

ಬೆಳಿಗ್ಗೆ ಸರಸು ಹಸೆಮಣೆಯ ಮೇಲೆ ಕೂತಳು, ಮಳೆ ಶುರುವಾಯಿತು. ಸಣ್ಣ ಮಳೆಯಲ್ಲ. ತಾರಸಿಯ ಕಲ್ಲು ದೋಣಿಗಳಿಂದ ನೀರು ಅಂಗಳಕ್ಕೆ ಧುಮುಕುತ್ತಿದ್ದ ಸದ್ದಿಗೆ ನಾಗಸ್ವರವೇ ಕೇಳಿಸದಾಯಿತು. ಅಜ್ಜಿ ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿದ್ದರು. ನಾನೂ ಮೇಲೆ ನೋಡುತ್ತಿದ್ದೆ. ತಂಗಿಯ ಮದುವೆಯಲ್ಲಿ ನಾನು ನೋಡಿದ್ದು ಇಟ್ಟಿಗೆಗಳ ಮಧ್ಯದ ಹಳೆಯ ಕರಿಕಲೆಯೊಂದನ್ನೇ. ತಾಳಿ ಕಟ್ಟಿದ್ದಾಯಿತು. ಒಂದು ಹನಿ ಬೀಳಲಿಲ್ಲ. ಅಜ್ಜಿ ಎದ್ದು ಬಂದು ಸರಸುವಿನ ಕೆನ್ನೆ ಸವರಿ, ನಮ್ಮ ಮನೆಗೆ ಹೇಳಿಮಾಡಿಸಿದ ಹುಡುಗಿ ಎಂದರು. ನನ್ನ ತಂಗಿ ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು. ನಾನು ಕಂಬದ ಮರೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಊಟವಾದ ಮೇಲೆ ದೊಡ್ಡಪ್ಪನವರನ್ನು ಹುಡುಕಿಕೊಂಡು ಹೋಗಿ ಕೈಮುಗಿದೆ. ಅವರು ಮಿಕಮಿಕ ನೋಡಿದರು. ಆಳುಗಳನ್ನು ತಾವು ಕರೆಸಿಲ್ಲ, ತಾರಸಿ ಬಡಿಯುವವರು ಈಗ ಎಲ್ಲಿದ್ದಾರೆ, ನೀವು ಟಾರ್ಪಾಲು ಹೊದಿಸಿದ್ದರಿಂದ ಸೋರಲಿಲ್ಲ ಎಂದುಕೊಂಡಿದ್ದೆವು ಎಂದರು. ಹಿಂದಿನ ದಿನ ತಾವು ಊರಲ್ಲೇ ಇರಲಿಲ್ಲವಂತೆ.

ಮಳೆ ನಿಂತ ಮೇಲೆ ಮೆಟ್ಟಿಲು ಹತ್ತಿದೆ. ಹೊಸ ಗಾರೆಯ ಗುರುತು ಎಲ್ಲೂ ಇಲ್ಲ. ಹಳೆಯ ಪಾಚಿ ಒಂದು ಚೂರೂ ಎದ್ದಿಲ್ಲ. ನಡುಮನೆಯ ಮೇಲಿನ ಬಿರುಕಿನಲ್ಲಿ ನನ್ನ ಬೆರಳು ಹೋಗುತ್ತಿತ್ತು, ಅದರಲ್ಲೊಂದು ಅರಳಿ ಸಸಿ ನಾನು ಮೊದಲ ಸಲ ನೋಡಿದಾಗ ಇದ್ದ ಹಾಗೇ ಎಲೆ ಅಲ್ಲಾಡಿಸುತ್ತ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಕೆಳಗಿನಿಂದ ಒಂದು ಕೊಡ ನೀರು ಹೊತ್ತು ತಂದು ಆ ಬಿರುಕಿಗೆ ಸುರಿದು, ಓಡಿ ಕೆಳಗೆ ಬಂದೆ. ಹಸೆಮಣೆ ಹಾಕಿದ್ದ ಜಾಗದಲ್ಲೇ ನೀರು ತೊಟ್ಟಿಕ್ಕುತ್ತಿತ್ತು. ಅಕ್ಷತೆಯ ಕಾಳುಗಳು ಅದರಲ್ಲಿ ನೆನೆಯುತ್ತಿದ್ದವು.

ಆಗಲೂ ನಾನು ಲೆಕ್ಕ ಹಾಕಿದೆ. ಒಣಗಿದ ಪಾಚಿ ಮಳೆಗೆ ಉಬ್ಬಿ ಬಿರುಕು ಮುಚ್ಚಿರಬಹುದು, ನಾನು ಬೆರಳು ಹಾಕಿದ್ದರಿಂದ ಸಡಿಲವಾಗಿರಬಹುದು. ಆದೀತು, ಒಪ್ಪಿಕೊಳ್ಳೋಣ. ಮನೆಗೆ ವಾಪಸು ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಆಚೆ ನೋಡುತ್ತ ಆಡಿದ ಮಾತಿಗೆ ಮಾತ್ರ ನನ್ನಲ್ಲಿ ಯಾವ ಲೆಕ್ಕವೂ ಇರಲಿಲ್ಲ.

"ನಮ್ಮ ಮಾತೇ ಆಡ್ತಿದ್ರಲ್ಲ ಕಣ್ಣು ಅವ್ರು? ಯಾವೂರು ಅಂತಾನಾದ್ರೂ ಕೇಳ್ಬೇಕಾಗಿತ್ತು."

ಆಗ ನನಗೆ ಹೊಳೆಯಿತು. ಅವ್ವ ಕೂಗಿದ್ದು ತಮಿಳಿನಲ್ಲಿ, ಉತ್ತರ ಬಂದದ್ದು ಕನ್ನಡದಲ್ಲಿ. ಮನೆಯ ಮಾತಾದ್ದರಿಂದ ನಮ್ಮಿಬ್ಬರ ಕಿವಿಗೂ ಅದು ವಿಚಿತ್ರವೆನಿಸಿರಲಿಲ್ಲ. ಕೊಯಮತ್ತೂರಿನಲ್ಲಿ ನಾನು ಆವರೆಗೆ ಎಷ್ಟೋ ಕಟ್ಟಡ ಮುಗಿಸಿದ್ದೆ. ಕನ್ನಡದಲ್ಲಿ ಉತ್ತರ ಕೊಟ್ಟ ಒಬ್ಬ ಆಳನ್ನೂ ಕಂಡಿರಲಿಲ್ಲ. ಸತ್ರ ಕಟ್ಟಲು ಘಟ್ಟದ ಮೇಲಿಂದ ಬಂದವರ ನೆನಪಾಯಿತು.

ಸರಸು ಕಾಂಗೇಯದಲ್ಲಿ ಚೆನ್ನಾಗಿದ್ದಾಳೆ, ತನ್ನ ಮದುವೆಯಲ್ಲಿ ನಾನು ತಾರಸಿಯನ್ನೇ ನೋಡುತ್ತಿದ್ದೆನೆಂದು ಈಗಲೂ ಚುಡಾಯಿಸುತ್ತಾಳೆ. ಅವ್ವನಿಗೆ ನಾನು ಏನನ್ನೂ ಹೇಳಲಿಲ್ಲ. ಮದುವೆಯಾಗಿ ವರ್ಷಗಳಾದರೂ ಅವಳು, ಆ ಹೆಂಗಸರಿಗೆ ಎಲೆಅಡಿಕೆ ಕೊಟ್ಟೆಯಾ ಎಂದು ಕೇಳುತ್ತಲೇ ಇದ್ದಳು. ಕೊನೆಗೊಮ್ಮೆ ಕಾಟ ತಾಳಲಾರದೆ, ತಟ್ಟೆಯಲ್ಲಿ ಎಲೆ, ಅಡಿಕೆ, ರವಿಕೆ ಕಣ ಇಟ್ಟುಕೊಂಡು ಬಸ್ಸು ಹತ್ತಿದೆ. ಸತ್ರದ ಹಿತ್ತಲಲ್ಲಿ ಯಾರೂ ಇರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ತಟ್ಟೆ ಇಟ್ಟು, ನಾಚಿಕೆಯಿಂದ ಅತ್ತಿತ್ತ ನೋಡಿ, "ಅವ್ವ ಕಳ್ಸವ್ಳೆ" ಎಂದು ತಾರಸಿಯ ಕಡೆಗೆ ಕನ್ನಡದಲ್ಲಿ ಹೇಳಿದೆ. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಮನೆಗೆ ಬಂದು ಅವ್ವನಿಗೆ ಕೊಟ್ಟುಬಂದೆ ಎಂದೆ.