ಲಕ್ಷ್ಮಣ ಮುಗಿಸದ ಆಟ

ಪೂರ್ತಿ ಮುಗಿಸದ ಆಟದ ಬಗ್ಗೆ ಬಾಯಿ ಬಿಡಬಾರದು ಎಂಬುದು ಪಾಮನಕಲ್ಲೂರಿನ ಲಕ್ಷ್ಮಣನ ಹಟ. ಎರಡು ದಿನ ಆಡಿ ಅದು ಛಲೋ, ಇದು ಕೆಟ್ಟದ್ದು ಅನ್ನುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಅರ್ಧಕ್ಕ ಎದ್ದಾವ ಅಡಗಿ ಬಗ್ಗೆ ಮಾತಾಡಬಾರ್ದಲೇ" ಎಂದು ಅಂಥವರ ಬಾಯಿ ಮುಚ್ಚಿಸುತ್ತಿದ್ದ. ಆಟವೆಂದರೆ ಚಿಣ್ಣಿದಾಂಡಲ್ಲ, ಕಬಡ್ಡಿಯಲ್ಲ. ಟಿ.ವಿ.ಗೆ ಕರಿಯ ಡಬ್ಬಿಯೊಂದನ್ನು ಜೋಡಿಸಿ, ಎರಡೂ ಕೈಯಲ್ಲಿ ಗುಂಡಿಗಳನ್ನು ಒತ್ತುತ್ತ ಆಡುವ ವಿಡಿಯೋ ಗೇಮು. ಮದುವೆಯಾಗಿ ಮಗಳಿರುವ ಗಂಡಸು, ಸ್ವಂತ ಕ್ರೂಸರ್ ಗಾಡಿ ಓಡಿಸುವವನು, ಮನೆಗೆ ಬಂದು ಇದನ್ನು ಆಡುತ್ತಾನಲ್ಲ ಎಂದು ಊರು ಮೊದಮೊದಲು ನಕ್ಕಿತು. ಆಮೇಲೆ ಅವನು ಹೇಳುವುದನ್ನು ಕೇಳುತ್ತ ಕೇಳುತ್ತ ನಗುವುದನ್ನು ಮರೆಯಿತು.

ಹೆಚ್ಚು ಕೇಳಿದವರು ನಾಟಿಯ ಹೆಣ್ಣುಮಕ್ಕಳು. ಪಾಮನಕಲ್ಲೂರು ಮಳೆ ನಂಬಿದ ಒಣನೆಲ. ಕಾಲುವೆಗೆ ನೀರು ಬಿಟ್ಟರೆಂದರೆ ಇಲ್ಲಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಮಸ್ಕಿ ದಾಟಿ, ಸಿಂಧನೂರು ಸೀಮೆಯ ವಳಕಮದಿನ್ನಿಯ ಗದ್ದೆಗಳಿಗೆ ಭತ್ತದ ಸಸಿ ಹಚ್ಚಲು ಹೋಗುತ್ತಾರೆ. ಬೆಳಿಗ್ಗೆ ಒಯ್ಯುವವನೂ ಸಂಜೆ ಮನೆ ಮುಟ್ಟಿಸುವವನೂ ಲಕ್ಷ್ಮಣನೇ. ಗುಂಪಿನ ಯಜಮಾನಿ ಗದ್ದೆಮ್ಮ. ಎಲೆ-ಅಡಿಕೆ ಹಾಕಿದ ಬಾಯಿ, ಯಾರಿಗೂ ಸೊಪ್ಪು ಹಾಕದ ಹೆಂಗಸು. ಡ್ರೈವರನ ಪಕ್ಕದ ಸೀಟು ಆಕೆಯದೇ. ಹತ್ತಿದ ಕೂಡಲೇ ಕೇಳುತ್ತಿದ್ದಳು.

"ಯಾವ ಆಟ ಮುಗಿಸಿದಿಯೋ ತಮ್ಮಾ? ಹೇಳು, ದಾರಿ ಸವೀಲಿ."

ಲಕ್ಷ್ಮಣ ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದ. ಒಮ್ಮೆ ಒಕ್ಕಲುತನದ ಆಟ ಮುಗಿಸಿದ್ದ. ನೋಡಲು ಚೊಕ್ಕ, ಹಾಡು ಇಂಪು, ಆದರೆ ಪೂರಾ ಸುಳ್ಳು ಎಂದು ತೀರ್ಪು ಕೊಟ್ಟ. ಅದರಲ್ಲಿ ಮಳೆ ಹೇಳಿದ ದಿನವೇ ಬರುತ್ತದೆ, ಬಿತ್ತಿದ್ದು ಒಂದೂ ಬಿಡದೆ ಮೊಳೆಯುತ್ತದೆ.

"ಅದರಾಗ ನಮ್ಮಂಥ ಕೂಲಿ ಹೆಣ್ಮಕ್ಳು ಅದಾರೇನು?" ಗದ್ದೆಮ್ಮ ಕೇಳಿದಳು.

"ಇಲ್ಲಕ್ಕ. ಒಬ್ಬಾವನ ಎಲ್ಲಾ ಹಚ್ತಾನ."

"ಒಬ್ಬಾವನ! ನಡು ನೋಯಂಗಿಲ್ಲೇನು ಅವಂಗ?"

"ನೋಯಂಗಿಲ್ಲ."

"ಹಂಗಾರ ಆ ಆಟ ಮಾಡಿದಾವ ಗದ್ದಿಗೆ ಒಮ್ಮೇನೂ ಕಾಲಿಟ್ಟಿಲ್ಲ ತಗೋ" ಎಂದಳು ಆಕೆ. ಹಿಂದಿನ ಸೀಟಿನವರೆಲ್ಲ ಬಿದ್ದುಬಿದ್ದು ನಕ್ಕರು.

ಕಾರಿನ ಪಂದ್ಯದ ಆಟವೆಂದರೆ ಅವನಿಗೆ ತಾತ್ಸಾರ. ಗಾಡಿ ಓಡಿಸುವುದೆಂದರೆ ಓಡಿಸುವುದಲ್ಲ, ನಿಲ್ಲಿಸುವುದು. ಬ್ರೇಕ್ ಹಾಕಿದವನು ಸೋಲುವ ಆಟವನ್ನು ಯಾವ ಡ್ರೈವರ್ ಮೆಚ್ಚಿಯಾನು ಎನ್ನುತ್ತಿದ್ದ. ಹಾಳು ಬಂಗಲೆಯ ದೆವ್ವದ ಆಟವನ್ನು ಮಾತ್ರ ಹೊಗಳಿದ. ಆ ಆಟದಲ್ಲಿ ಒಂದು ಕೋಣೆಗೆ ಕಾಲಿಟ್ಟಾಗ ಔಷಧಿ, ಗುಂಡು, ಬೇಕಾದ್ದೆಲ್ಲ ರಾಶಿ ಬಿದ್ದಿರುತ್ತದೆ. ಹುಡುಗರು ಖುಷಿಯಿಂದ ಬಾಚಿಕೊಳ್ಳುತ್ತಾರೆ. "ಪುಕ್ಕಟ ಸಿಕ್ಕಲ್ಲಿ ಅಂಜಬೇಕು ಯಕ್ಕಾ. ಮುಂದಿನ ಬಾಗಿಲ ಹಿಂದ ದೊಡ್ಡದು ಕುಂತಿರ್ತೈತಿ" ಎಂದ. ಹೆಂಗಸರು ಸೆರಗು ಬಿಗಿ ಮಾಡಿಕೊಂಡರು.

ಎಲ್ಲಕ್ಕಿಂತ ಅವನ ಮನಸ್ಸಿಗೆ ಹತ್ತಿದ್ದು ಹಡಗಿನ ಆಟ. ಅದರಲ್ಲಿ ದಿಕ್ಕು ತೋರಿಸುವ ಮುಳ್ಳು ಮೊದಲ ದಿನದಿಂದಲೂ ತುಸು ನಡುಗುತ್ತಿರುತ್ತದೆ. ಆಡುವವನು ಅದೇನು ಮಹಾ ಎಂದು ಹಡಗು ಬಿಡುತ್ತಾನೆ. ಕೊನೆಗೆ ಬಂಡೆಗೆ ಬಡಿದಾಗ ತಿಳಿಯುತ್ತದೆ, ಮುಳ್ಳು ಮೊದಲಿನಿಂದಲೂ ಕೆಟ್ಟಿತ್ತು ಎಂದು. "ಆಟ ಮೋಸ ಮಾಡಿಲ್ಲಕ್ಕ. ಮೊದಲ ಹೇಳಿತ್ತು. ನಾವ ಕಿವ್ಯಾಗ ಹಾಕ್ಕೊಳ್ಳಲಿಲ್ಲ" ಎಂದು ಹೇಳುವಾಗ ಅವನ ದನಿ ಸಣ್ಣದಾಗಿತ್ತು. ಎಲಾ ಪುಣ್ಯಾತ್ಮಾ, ಇಷ್ಟು ತಿಳಿದವನಿಗೆ ತನ್ನ ಮುಳ್ಳು ನಡುಗುವುದು ಕಾಣಲಿಲ್ಲವೇ!

ಏಕೆಂದರೆ ಆ ಹೊತ್ತಿಗೆ ಅವನ ಅಭಿಪ್ರಾಯಗಳಿಗೆ ಒಂದೇ ರಾಗ ಹತ್ತಿತ್ತು. ಈಗಿನ ಆಟಗಳೆಲ್ಲ ಬರೀ ಕತ್ತಲೆ. ಕಾಡಿನ ಆಟ ಮುಗಿಸಿದ. ಕತೆ ಬೇಷಿದೆ, ಕತ್ತಲೆ ಜಾಸ್ತಿ ಅಂದ. ಕೋಟೆಯ ಆಟ ಮುಗಿಸಿದ; ಎಲ್ಲ ಛಲೋ, ಆದರೆ ಮಾಡಿದವರಿಗೆ ಬೆಳಕಿಗೆ ಬಡತನವೇನೋ ಅಂದ. ಆಟದ ಹಳೆಯ ಡಿಸ್ಕು ತೆಗೆದುಕೊಂಡು ಬೇರೆ ಕೊಡುವ ಅಂಗಡಿ ಸಿಂಧನೂರಿನಲ್ಲಿತ್ತು, ಇಶ್ತಿಯಾಕನದು. ಅಲ್ಲಿಯೂ ಇದೇ ಗೊಣಗಾಟ. ಇಶ್ತಿಯಾಕ್ ಡಿಸ್ಕನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಏನ್ ಮಾತಾಡ್ತೀರಿ ಲಕ್ಷ್ಮಣ ಭಾಯ್? ಇದರಾಗ ಪೂರಾ ಹುಣ್ಣಿಮಿ ಬೆಳಕೈತಿ. ನಾನೂ ಆಡೀನಲ್ಲ."

ಲಕ್ಷ್ಮಣ ನಕ್ಕು, ಮನೆಯ ಟಿ.ವಿ. ಹಳೆಯದಾಗಿದೆ ಎಂದ. ಮನೆಗೆ ಬಂದು ಟಿ.ವಿ.ಯನ್ನು ಬೈದ. ಮುಸ್ಸಂಜೆಯಲ್ಲಿ ನೀರಿನ ಕೊಡ ಎಡವಿದಾಗ ಕೊಡ ಇಟ್ಟವರನ್ನು ಬೈದ. ಎದುರಿನ ಗಾಡಿಯ ದೀಪ ಕಣ್ಣಿಗೆ ಬಡಿದು ಕೆಲಹೊತ್ತು ಏನೂ ತೋಚದಾದಾಗ ಈಗಿನ ಬಿಳಿ ಲೈಟುಗಳನ್ನು ಬೈದ. ಬೈಯದೆ ಉಳಿಸಿದ್ದು ತನ್ನ ಕಣ್ಣುಗಳನ್ನು ಮಾತ್ರ. ಅವನ ಅಪ್ಪ ಪಕೀರಪ್ಪನನ್ನು ಸಾಯುವವರೆಗೂ ಊರು ಇರುಳುಗಣ್ಣಿನ ಪಕೀರಪ್ಪ ಎಂದೇ ಕರೆದಿತ್ತು. ದೀಪ ಹಚ್ಚುವ ಹೊತ್ತಾದರೆ ಆ ಮನುಷ್ಯ ಕಟ್ಟೆಯ ಮೇಲೆ ಕೂತಲ್ಲೇ ಕೂರುತ್ತಿದ್ದ. ಯಾರಾದರೂ ಬಂದು ಕೈ ಹಿಡಿದು ಒಳಗೆ ಕರೆದೊಯ್ಯಬೇಕಿತ್ತು. ಚಿಕ್ಕಂದಿನಲ್ಲಿ ಆ ಕೈ ಹಿಡಿಯುತ್ತಿದ್ದವನು ಲಕ್ಷ್ಮಣನೇ. ಆ ನೆನಪು ಬಂದಾಗೆಲ್ಲ ಅವನು ಬೇರೆ ಮಾತು ತೆಗೆಯುತ್ತಿದ್ದ.

ಆ ವರ್ಷದ ನಾಟಿ ಹಂಗಾಮಿನಲ್ಲಿ ಬಾವಿಯ ಆಟ ತಂದ. ದೀಪ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹಾಳು ಬಾವಿಯೊಂದಕ್ಕೆ ಇಳಿಯುವ ಆಟ. ಶುರುವಿಗೇ ಪರದೆಯೆಲ್ಲ ಕಪ್ಪಾಗಿ, ಒಂದು ಪುಟ್ಟ ಚಿತ್ರ ಮಸುಕಾಗಿ ಕಾಣುವವರೆಗೆ ಬೆಳಕು ಹೊಂದಿಸಿಕೊಳ್ಳಿ ಎಂದು ಬರೆದು ಬರುತ್ತದೆ. ಲಕ್ಷ್ಮಣ ಗುಂಡಿ ಒತ್ತಿದ. ಮತ್ತೂ ಒತ್ತಿದ. ಕೊನೆಗೆ ಬೆಳಕು ಏರಿಸಲು ಜಾಗವೇ ಉಳಿಯಲಿಲ್ಲ. ಪರದೆ ಕಪ್ಪಾಗಿಯೇ ಇತ್ತು. ಅವನು ಹೆಂಡತಿಯನ್ನು ಕೂಗಿದ. ಪದ್ಮಾವತಿ ಅವನ ಸ್ವಂತ ಅಕ್ಕನ ಮಗಳು. ಮದುವೆಯಾದ ಮೇಲೂ ಮಾಮಾ ಎಂದೇ ಕರೆಯುತ್ತಿದ್ದಳು.

"ಪದ್ದೀ, ಇದರಾಗ ಏನರ ಕಾಣ್ತೈತೇನು ನೋಡು."

"ಹೂಂ ಮಾಮಾ, ದೀಪ. ಚಂದ ಕಾಣಾಕತ್ತೈತಿ."

"ದೀಪದ ಬಾಜೂಕ?"

"ಬರೇ ಒಂದು ದೀಪ ಮಾಮಾ. ಮತ್ತೇನಿಲ್ಲ. ಯಾಕ, ನಿಂಗ ಕಾಣವಲ್ದೇನು?"

"ಕಾಣ್ತೈತಿ, ಕಾಣ್ತೈತಿ" ಎಂದು ಟಿ.ವಿ. ಆರಿಸಿಬಿಟ್ಟ. ಮೂಲೆಯಲ್ಲಿ ಮಗಳು ಸುಕನ್ಯಾ ಚಾಪೆಯ ಮೇಲೆ ಮಲಗಿದ್ದಳು. ಕತ್ತಲಾದರೆ ಅಂಗಳಕ್ಕೆ ಇಳಿಯದ, ತಾಯಿಯ ಸೆರಗು ಬಿಡದ ಹುಡುಗಿ. ಲಕ್ಷ್ಮಣ ಅವಳನ್ನು ಅಂಜುಬುರುಕಿ ಎಂದು ಛೇಡಿಸುತ್ತಿದ್ದ.

ಮರುದಿನ ಗದ್ದೆಮ್ಮ ಬಾವಿಯ ಆಟದ ಕತೆ ಕೇಳಿದಳು. ಅದರ ಮಾರನೆಯ ದಿನವೂ ಕೇಳಿದಳು. ಇನ್ನೂ ಮುಗಿದಿಲ್ಲ ಎಂದು ಎಷ್ಟು ದಿನ ತಳ್ಳುವುದು? "ಅಯ್ಯ, ನಿನ್ನ ಕೈಲೆ ಆಗದ ಆಟಾನೂ ಐತೇನೋ" ಎಂದು ಹಿಂದಿನವರು ಕಿಚಾಯಿಸಿದಾಗ ಮಾನ ಹೋದಂತಾಯಿತು. ಮುಗಿಸಿದೆ ಎಂದುಬಿಟ್ಟ. ಬಾವಿಯ ತಳದಲ್ಲಿ ಏನಿತ್ತು ಎಂದು ಕೇಳಿದರು. ಮಣ್ಣಿನ ಹಣತೆಯೊಂದು ಉರಿಯುತ್ತಿತ್ತು, ಅದರ ಪಕ್ಕದಲ್ಲಿ ಬಾಡದ ಚೆಂಡುಹೂವು ಇತ್ತು, ಅದನ್ನು ಎತ್ತಿಕೊಂಡರೆ ಆಟ ಮುಗಿಯುತ್ತದೆ ಎಂದ. ಹೆಂಗಸರು ಆಹಾ ಅಂದರು. ಮನೆಯಲ್ಲಿ ಸುಕನ್ಯಾ ಕೇಳಿದಾಗಲೂ ಅದೇ ಚೆಂಡುಹೂವಿನ ಕತೆ ಹೇಳಿ ಮಲಗಿಸಿದ. ಮುಗಿಸದ ಆಟದ ಬಗ್ಗೆ ಅವನು ಮಾತಾಡಿದ್ದು ಅದೇ ಮೊದಲು.

ಗದ್ದೆಮ್ಮ ಆಹಾ ಅನ್ನಲಿಲ್ಲ. ಆವತ್ತಿನಿಂದ ಆಕೆ ಕತೆ ಕೇಳುವುದನ್ನೂ ಬಿಟ್ಟಳು. ಸಂಜೆ ವಾಪಸು ಬರುವಾಗ ಸೀಟಿನ ತುದಿಗೆ ಸರಿದು, ಮುಂದಿನ ಗಾಜಿಗೆ ಕಣ್ಣು ನೆಟ್ಟು ಕೂರುತ್ತಿದ್ದಳು. "ಮುಂದ ಎಮ್ಮಿ ಅದಾವ್ ನೋಡು" ಎನ್ನುವಳು. "ಹಾದಿ ತಿರುಗಾಕತ್ತೈತಿ ನೋಡು" ಎನ್ನುವಳು. ಲಕ್ಷ್ಮಣ ಹೂಂ ಎನ್ನುತ್ತ ಅವಳ ಮಾತಿನಂತೆ ಗಾಡಿ ತಿರುಗಿಸುತ್ತಿದ್ದ. ಇಬ್ಬರೂ ಅದರ ಬಗ್ಗೆ ಮಾತೆತ್ತಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಆಕೆ ಸುಮ್ಮನೆ ನೋಡುತ್ತಿದ್ದಳು. ಹಿಂದೆ ಗಾಡಿ ತುಂಬ ಎಳೆಗೂಸು ಮನೆಯಲ್ಲಿ ಬಿಟ್ಟು ಬಂದ ತಾಯಂದಿರು, ಮುದುಕಿಯರು, ನಿನ್ನೆ ಮೊನ್ನೆ ಮೈನೆರೆದ ಹುಡುಗಿಯರು ತೂಕಡಿಸುತ್ತಿದ್ದರು. ಬಲಕ್ಕೆ ಉದ್ದಕ್ಕೂ ಕಾಲುವೆ, ದಂಡೆಯ ಮಟ್ಟಕ್ಕೆ ನೀರು.

ಒಂದು ಸಂಜೆ ಮೋಡ ಕವಿದು ಹೊತ್ತಿಗೆ ಮುಂಚೆಯೇ ಕತ್ತಲಾಯಿತು. ಗದ್ದೆಮ್ಮ ದಿನವೆಲ್ಲ ಬಗ್ಗಿ ದಣಿದಿದ್ದಳು. ಒಂದು ಗಳಿಗೆ ಅವಳ ಕಣ್ಣು ಎಳೆಯಿತು. ಎದುರಿನಿಂದ ಬಂದ ಟ್ರ್ಯಾಕ್ಟರಿನ ದೀಪ ಲಕ್ಷ್ಮಣನ ಮುಖಕ್ಕೆ ಹೊಡೆದು ಹಾದುಹೋಯಿತು. ಆಮೇಲೆ ಅವನ ಮುಂದೆ ರಸ್ತೆ ಇರಲಿಲ್ಲ. ಬಾವಿಯ ಆಟದ ಪರದೆಯಿತ್ತು. ಗಾಡಿಯ ಮುಂದಿನ ಚಕ್ರ ಮೆತ್ತಗಿನ ಮಣ್ಣಿಗೆ ಇಳಿದದ್ದು ಕೈಗೆ ಗೊತ್ತಾಯಿತು.

"ಲಕ್ಷ್ಮಣಾ!"

ಗದ್ದೆಮ್ಮ ಸ್ಟೇರಿಂಗಿಗೆ ಜೋತುಬಿದ್ದು ತನ್ನ ಕಡೆಗೆ ಎಳೆದಳು. ಲಕ್ಷ್ಮಣ ಬ್ರೇಕಿನ ಮೇಲೆ ನಿಂತುಬಿಟ್ಟ. ಗಾಡಿ ವಾಲಿ ನಿಂತಿತು. ಕಿರುಚಾಟ, ಅಳು, ದೇವರುಗಳ ಹೆಸರು. ಒಬ್ಬೊಬ್ಬರಾಗಿ ಎಡಗಡೆಯಿಂದ ಇಳಿದರು. ಬಲಗಡೆಯ ಚಕ್ರದ ಅಡಿಯಿಂದ ಮಣ್ಣಿನ ಹೆಂಟೆಗಳು ಕಳಚಿ ನೀರಿಗೆ ಬೀಳುತ್ತಿದ್ದವು. ಅವನಿಗೆ ಆ ಸಪ್ಪಳವಷ್ಟೇ ಕೇಳಿತು. ಗದ್ದೆಮ್ಮ ಗಾಡಿಯ ಕೀಲಿಕೈ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಹಗಲ ಕಂಡ ಬಾವಿಗೆ ಇರುಳ ಬೀಳಾಕ ಹೊಂಟಿದ್ದೆಲ್ಲೋ! ಬಿದ್ದರ ನೀನೊಬ್ಬನ ಬೀಳು. ಇವರ ಮನ್ಯಾಗ ಹಾಲು ಕುಡಿಯೋ ಕೂಸು ಅದಾವ. ನಿಮ್ಮಪ್ಪನ ಕಣ್ಣು ನಾನೂ ನೋಡೀನಿ ತಮ್ಮಾ. ನಾಳಿಗೇ ಡಾಕ್ಟರ್ ಕಡೆ ಹೋಗು."

ಲಕ್ಷ್ಮಣ ದಂಡೆಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ಬೇರೆ ಗಾಡಿ ಬಂದಾಗ ಗದ್ದೆಮ್ಮನೇ ಅವನ ಕೈ ಹಿಡಿದು ಹತ್ತಿಸಿದಳು.

ಲಿಂಗಸುಗೂರಿನ ಕಣ್ಣಿನ ಡಾಕ್ಟರು ಸಣ್ಣ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಹೋದ ಬೆಳಕನ್ನು ತಿರುಗಿ ತರುವ ಮದ್ದು ತಮ್ಮಲ್ಲಿಲ್ಲ, ಗಾಡಿ ಇನ್ನು ಮುಟ್ಟಬೇಡಿ ಎಂದರು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಪ್ಪನಿಗಿತ್ತು ಎಂದ. ಹೆಂಡತಿ ರಕ್ತಸಂಬಂಧದವಳೇ ಎಂದು ಕೇಳಿದರು. ಅಕ್ಕನ ಮಗಳು ಎಂದ. ಡಾಕ್ಟರು ದೀಪವನ್ನು ಮೇಜಿನ ಮೇಲಿಟ್ಟರು.

"ಮಕ್ಳು ಅದಾರೇನು?"

"ಒಬ್ಬಾಕಿ ಮಗಳು ರೀ."

"ಮುಂದಿನ ಸಲ ಆಕೀನ್ನೂ ಕರ್ಕೊಂಡು ಬರ್ರಿ" ಎಂದರು. ಅವರು ಅವನ ಮುಖ ನೋಡದೆ ಹೇಳಿದ್ದು ಅವನನ್ನು ದಾರಿಯುದ್ದಕ್ಕೂ ಕೊರೆಯಿತು.

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತವನು ತನ್ನ ಕಣ್ಣಿನ ಚಿಂತೆ ಬಿಟ್ಟಿದ್ದ. ಗಾಡಿ ಹೋಗಲಿ, ಆಟ ಹೋಗಲಿ. ಮಗಳು ಕತ್ತಲೆಗೆ ಅಂಜುವುದು ಬರೀ ಅಂಜಿಕೆಯಾಗಿರಲಿ, ಎಲ್ಲ ಮಕ್ಕಳಿಗೂ ಇರುವಂಥ ಅಂಜಿಕೆಯಾಗಿರಲಿ ಎಂದು ಕಂಡ ಗುಡಿಗೆಲ್ಲ ಕೈ ಮುಗಿದ. ಮುಂದಿನ ಸಲದವರೆಗೆ ಕಾಯುವ ಎದೆ ಅವನಿಗಿರಲಿಲ್ಲ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪದ್ಮಾವತಿ ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನು ಬಾಗಿಲು ಮುಂದೆ ಮಾಡಿ, ಲೈಟು ಆರಿಸಿ, ಬಾವಿಯ ಆಟ ಹಚ್ಚಿದ. ಎಂದೂ ಆಟ ಮುಟ್ಟಲು ಬಿಡದ ಅಪ್ಪ ಬಾ ಎಂದು ಕರೆದಾಗ ಸುಕನ್ಯಾ ಕುಣಿಯುತ್ತ ಬಂದು ಮಗ್ಗುಲಲ್ಲಿ ಕೂತಳು. ಲಕ್ಷ್ಮಣ ಗುಂಡಿ ಒತ್ತುತ್ತ ಬೆಳಕನ್ನು ಕೊನೆಯವರೆಗೂ ಏರಿಸಿದ. ಅವನ ಪಾಲಿಗೆ ಎದುರಿಗೆ ಕಪ್ಪೇ ಇತ್ತು.

"ಏನ್ ಕಾಣ್ತೈತಿ ಹೇಳವ್ವಾ."

"ದೀಪ ಅಪ್ಪಾ!"

ತಡೆಯದೆ ಹೇಳಿದಳು. ಲಕ್ಷ್ಮಣನಿಗೆ ಹೋದ ಜೀವ ಬಂದಂತಾಯಿತು. ಕಾಣುತ್ತದೆ, ನನ್ನ ಮಗಳಿಗೆ ಕಾಣುತ್ತದೆ! ಅವಳನ್ನು ಬಾಚಿ ತಬ್ಬಿಕೊಂಡ. ಕಣ್ಣೀರು ಒರೆಸಿಕೊಳ್ಳುತ್ತ, ಸುಮ್ಮನೆ ಖುಷಿಗೆ, ಇನ್ನೊಂದು ಮಾತು ಕೇಳಿದ.

"ಛಲೋ ಕಾಣ್ತೈತೇನು? ಹೆಂಗೈತಿ ದೀಪ?"

"ಮಣ್ಣಿನ ಹಣತಿ ಅಪ್ಪಾ. ಅದರ ಬಾಜೂಕ ಚೆಂಡ್ಹೂ ಐತಿ. ನೀ ಹೇಳಿದ್ಯಲ್ಲ, ಅದ. ಬಾಡೇ ಇಲ್ಲ."

ಆ ಚೆಂಡುಹೂವು ಪರದೆಯ ಮೇಲೆ ಇರಲಿಲ್ಲ. ಯಾವ ಆಟದಲ್ಲೂ ಇರಲಿಲ್ಲ. ಮುಗಿಸದ ಆಟಕ್ಕೆ ಅವನೇ ಬಾಯಿಂದ ಹುಟ್ಟಿಸಿದ ಹೂವು ಅದು. ಲಕ್ಷ್ಮಣನಿಗೆ ಬೈಯಲು ಬಾಯಿ ಬರಲಿಲ್ಲ, ಅಳಲು ಧೈರ್ಯ ಬರಲಿಲ್ಲ.

"ಬರೋಬ್ಬರಿ ಹೇಳಿದ್ನೇನು ಅಪ್ಪಾ?" ಮಗಳು ಕೇಳಿದಳು.

"ಬರೋಬ್ಬರಿ ಹೇಳಿದಿ ನನ್ನವ್ವಾ" ಎಂದ. ಅವಳ ಕೈ ಹಿಡಿಯಲು ಕತ್ತಲಲ್ಲಿ ಕೈಯಾಡಿಸಿದ. ಅವಳೂ ಅವನ ಕೈಗಾಗಿ ಚಾಪೆಯ ಮೇಲೆ ತಡಕಾಡುತ್ತಿದ್ದಳು. ರೊಟ್ಟಿ ಬುಟ್ಟಿ ಹಿಡಿದು ಒಳಗೆ ಬಂದ ಪದ್ಮಾವತಿ, ಕತ್ತಲಲ್ಲಿ ಯಾಕೆ ಕೂತಿದ್ದೀರಿ ಎನ್ನುತ್ತ ಲೈಟು ಹಾಕಿದಳು.