ಎದುರಿಗೆ ಬಂದು ನಿಂತರೆ ಮಾತ್ರ

ನಮ್ಮ ನವನಗರದ ಮನೆಯಲ್ಲಿ ನಾವು ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಿದವರೇ ಅಲ್ಲ. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಮಾತು ತೆಗೆಯುತ್ತಾಳೆ, ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಉತ್ತರ ಕೊಡುತ್ತೇನೆ. ಜಗಳವೂ ಗೋಡೆಯಾಚೆಯಿಂದಲೇ. ನನ್ನ ಕಿವಿ ಮಂದವಾದ ಮೇಲೂ ಈ ರೂಢಿ ತಪ್ಪಲಿಲ್ಲ. ಕಿವಿಗೆ ಯಂತ್ರ ಬಂತು, ಅದರ ಸೆಟ್ಟಿಂಗ್ ಬದಲಿಸುವ ಆ್ಯಪ್ ನನ್ನ ಹಳೇ ಫೋನಿನಲ್ಲಿ ಕೂತಿತು.

ಹೋದ ವರ್ಷ ಹಳೇ ಹುಬ್ಬಳ್ಳಿಯ ಒಂದು ಮದುವೆಯಲ್ಲಿ ಬ್ಯಾಂಡಿನ ಅಬ್ಬರ ತಾಳದೆ ಯಂತ್ರವನ್ನು 'ಗದ್ದಲದ ಜಾಗ'ಕ್ಕೆ ಹಾಕಿದೆ. ಆಗ ಎದುರಿಗೆ ನಿಂತವರ ದನಿಯಷ್ಟೇ ಕೇಳುತ್ತದೆ, ಉಳಿದದ್ದೆಲ್ಲ ಅಡಗುತ್ತದೆ. ಊಟಕ್ಕೆ ಕೂತಾಗ ಅಪ್‌ಡೇಟ್ ಮಾಡಲೇ ಎಂದು ಆ್ಯಪ್ ಕೇಳಿತು. ಬಡಿಸುವವರಿಗೆ ಬೇಕು ಸಾಕು ಹೇಳುವ ಅವಸರದಲ್ಲಿ ಅದಕ್ಕೂ ಹೂಂ ಎಂದು ಒತ್ತಿಬಿಟ್ಟೆ. ಮನೆಗೆ ಬಂದು ತೆರೆದರೆ, ನಿಮ್ಮ ಫೋನಿನ ಸಿಸ್ಟಮ್ ಹಳೆಯದು, ಮೊದಲು ಅದನ್ನು ಅಪ್‌ಡೇಟ್ ಮಾಡಿ ಎಂದಿತು ಆ್ಯಪ್. ಫೋನು, ನನಗಿನ್ನು ಯಾವ ಅಪ್‌ಡೇಟೂ ಇಲ್ಲ ಎಂದಿತು. ಯಂತ್ರ 'ಗದ್ದಲದ ಜಾಗ'ದಲ್ಲೇ ಸಿಕ್ಕಿಬಿತ್ತು.

ಯಂತ್ರ ಕೊಟ್ಟ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಎದುರಿಗೇ ಬಂದು ಹೇಳಿದರು:

"ಹೊಸಾ ಫೋನಿನ್ಯಾಗ ಹೊಸಾ ಆ್ಯಪ್ ಬರತೈತ್ರಿ. ಆದ್ರ ಅದು ನಿಮ್ಮ ಈ ಹಳೇ ಯಂತ್ರ ಹಿಡಿಯೂದಿಲ್ಲ."

ಸೆಟ್ಟಿಂಗ್ ಬದಲಿಸಲು ತಮ್ಮ ಕಂಪ್ಯೂಟರಿನಿಂದಲೂ ಆಗದಂತೆ. ಫೋನು, ಯಂತ್ರ ಎರಡನ್ನೂ ಒಟ್ಟಿಗೆ ಕೊಳ್ಳುವ ತ್ರಾಣ ನನಗಿಲ್ಲ. ಫೋನು ಗಟ್ಟಿ ಇದೆ, ಯಂತ್ರ ಗಟ್ಟಿ ಇದೆ. ಕೈಕೊಟ್ಟವರು ಎಲ್ಲೋ ಕೂತು ಇವಕ್ಕೆ ಇಷ್ಟು ಸಾಕು ಎಂದು ತೀರ್ಮಾನಿಸಿದವರು. ಮಾರುವಾಗ ಇಲ್ಲದ ಬೇಸರ ಅಪ್‌ಡೇಟ್ ಕೊಡುವಾಗ ಯಾಕೆ ಬರುತ್ತದೋ.

ಈಗ ನನಗೆ ಮನೆಯೂ ಆ ಮದುವೆಯ ಮಂಟಪವೇ. ರೊಟ್ಟಿ ಬಡಿಯುವ ಸದ್ದು ಕೂಡ ಕಿವಿಗೆ ಬೀಳುವುದಿಲ್ಲ. ಹೆಂಡತಿ ಏನಾದರೂ ಹೇಳಬೇಕೆಂದರೆ ಹಿಟ್ಟಿನ ಕೈಯಲ್ಲೇ ಬಂದು ಎದುರಿಗೆ ನಿಲ್ಲಬೇಕು. ಮೊದಮೊದಲು ಬಂದಳು. ಆಮೇಲಾಮೇಲೆ ಮುಖ್ಯವಾದುದಕ್ಕೆ ಮಾತ್ರ ಬರತೊಡಗಿದಳು. ನಮ್ಮ ಸಂಸಾರ ನಡೆದದ್ದೇ ಮುಖ್ಯವಲ್ಲದ ಮಾತುಗಳ ಮೇಲೆ ಎಂದು ನನಗೆ ಆಗ ಗೊತ್ತಾಯಿತು.

ಮೊನ್ನೆ ಪೇಪರಿನಿಂದ ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಅವಳ ಸೆರಗು ಕಂಡಿತು. ಏನೋ ಹೇಳುತ್ತಿರಬೇಕು ಎಂದುಕೊಂಡು ಹಳೇ ರೂಢಿಯಂತೆ ಹೂಂ ಎಂದೆ. ಅವಳು ಹೊರಗೆ ಬಂದು ನನ್ನ ಎದುರಿಗೆ ಕೂತಳು.

"ನಾ ಅಂದಿದ್ದು ಕೇಳಿಸ್ತೇನ್ರಿ?"

ಕೇಳಿಸಿತು ಎಂದೆ.

"ನಾ ಏನೂ ಅಂದೇ ಇಲ್ಲ. ಒಳಗಿಂದ ಮಾತಾಡೂದು ಬಿಟ್ಟು ಭಾಳ ದಿನಾ ಆತು."