ಸೀಗೆಪುಡಿಗೆ ಸಿಕ್ಕಿದ ಜರ್ಮನ್ ಗೊಂಬೆ

ನಾನು ಕಾನ್ವೆಂಟಿಗೆ ಹೋಗುತ್ತಿದ್ದ ಕಾಲದ ವೈಟ್‌ಫೀಲ್ಡಿನಲ್ಲಿ, ಕೇಕಿನ ವಾಸನೆ ಯಾವ ಮನೆಯದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು. ಹೆಚ್ಚಾಗಿ ಅದು ಪಕ್ಕದ ಬಂಗಲೆಯ ಡೋರಾ ಆಂಟಿಯದು. ಒಂದು ವರ್ಷ ನವರಾತ್ರಿಗೆ ಮುಂಚೆ ಆಂಟಿ ತಮ್ಮ ಹಳೇ ಸಾಮಾನನ್ನೆಲ್ಲ ಕೊಟ್ಟುಬಿಡಲು ವರಾಂಡದಲ್ಲಿ ಹರವಿದರು. ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆಯ ಪಕ್ಕ ಅವಳು ಕೂತಿದ್ದಳು: ಪಿಂಗಾಣಿ ಮುಖ, ಕೆಂಚು ಕೂದಲು, ಮಲಗಿಸಿದರೆ ಮುಚ್ಚಿಕೊಳ್ಳುವ ನೀಲಿ ಕಣ್ಣು. ಅಜ್ಜಿಯ ನಿಂಬೆ ಉಪ್ಪಿನಕಾಯಿ ಒಂದು ಜಾಡಿ ಕೊಟ್ಟು ಮನೆಗೆ ತಂದೆ. ರೋಸಿ ಎಂದು ಹೆಸರಿಟ್ಟೆ. ಆ ಸಲದ ಗೊಂಬೆ ಹಬ್ಬದಲ್ಲಿ ಪಟ್ಟದ ಗೊಂಬೆಗಳ ಪಕ್ಕ ಅವಳು ಕೂರಲೇಬೇಕೆಂದು ಹಟ ಹಿಡಿದೆ.

"ಯಾರ್ ಮನೇದೋ ಏನೋ. ತಲೆಗೆ ನೀರು ಬೀಳ್ದೆ ಮೆಟ್ಲು ಹತ್ಸಲ್ಲ," ಎಂದರು ಅಜ್ಜಿ.

"ಅಜ್ಜಿ, ಷೀ ಈಸ್ ಎ ಲೇಡಿ!"

"ಲೇಡಿ ಆದ್ರೆ ಎಣ್ಣೆ ಹಚ್ಕೋಬಾರ್ದೇನೇ?"

ಹರಳೆಣ್ಣೆ, ಸೀಗೆಪುಡಿ, ಹಂಡೆಯ ಬಿಸಿನೀರು. ನಮ್ಮ ತಲೆ ತಿಕ್ಕುವ ಹಾಗೆಯೇ ತಿಕ್ಕಿದರು. ಎರಡನೇ ಚೊಂಬಿಗೆ ಅಂಟು ಬಿಟ್ಟು ಇಡೀ ಕೂದಲೇ ಅಜ್ಜಿಯ ಕೈಗೆ ಬಂತು. ನಾನು ಕಿರುಚಿದ್ದಕ್ಕೆ ಡೋರಾ ಆಂಟಿ ಓಡಿಬಂದರು. ಗೊಂಬೆಯನ್ನು ತಿರುಗಿಸಿ, ಕತ್ತಿನ ಹಿಂದೆ ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಮೈ ಗಾಡ್, ಜರ್ಮನಿದು! ಇಷ್ಟ್ ವರ್ಷ ಕೂದ್ಲು ಮುಚ್ಕೊಂಡಿತ್ತು. ಬಿಸ್ಕ್ ಪಿಂಗಾಣಿ ಇದು, ಹೊಳಪೇ ಇಲ್ಲ ನೋಡು, ಮಗು ಕೆನ್ನೆ ಥರ. ಬಟ್ ಒರಿಜಿನಲ್ ವಿಗ್ ಹೋಯ್ತಲ್ಲ ಚೈಲ್ಡ್, ಇನ್ನು ಹಳೇ ಗೊಂಬೆ ಕಲೆಕ್ಟ್ ಮಾಡೋರು ಯಾರೂ ಮೂಸಿ ನೋಡಲ್ಲ."

"ವಾಪಸ್ ತಗೊಂಡ್ಬಿಡ್ತೀರಾ ಆಂಟಿ?" ನಾನು ಗೊಂಬೆಯ ಕಾಲು ಹಿಡಿದುಕೊಂಡೆ.

"ಉಪ್ಪಿನಕಾಯಿ ಅರ್ಧ ತಿಂದಾಯ್ತು ಡಾರ್ಲಿಂಗ್. ಅವಳು ನಿಂದೇ."

"ಮೂಸದಿದ್ರೆ ಬೇಡ ಬಿಡಿ ದೊರೆಸಾನಮ್ಮ," ಎಂದರು ಅಜ್ಜಿ. "ಹಬ್ಬದ್ ಮನೇಲಿ ಹೆಣ್ಮಗು ಬೋಳಾಗಿ ಕೂತ್ಕೋಬಾರ್ದು." ಒಳಗೆ ಹೋಗಿ, ತಮ್ಮ ಜಡೆಗೆ ಸೇರಿಸಿ ಹೆಣೆಯುತ್ತಿದ್ದ ಚೌರಿಯನ್ನು ತಂದು ಅರ್ಧಕ್ಕೆ ಕತ್ತರಿಸಿದರು. ಆಂಟಿ ಮೈದಾ ಅಂಟು ಕುದಿಸಿದರು.

ಸಂಜೆಗೆ ರೋಸಿ ಕರಿ ಜಡೆ, ಕನಕಾಂಬರ, ಹಣೆಗೆ ಕುಂಕುಮ ಇಟ್ಟುಕೊಂಡು ಪಟ್ಟದ ರಾಣಿಯ ಪಕ್ಕ ಕೂತಳು. ಕಡಲೆ ಉಸಲಿ ತಿನ್ನುತ್ತಾ ಬಂದವರೆಲ್ಲ, "ಯಾರ ಮಗಳ್ರೀ ಈ ನೀಲಿ ಕಣ್ಣಿನವ್ಳು?" ಎಂದು ಕೇಳಿದ್ದೇ ಕೇಳಿದ್ದು.

"ನಮ್ಮಿಬ್ರದೂ," ಎಂದರು ಡೋರಾ ಆಂಟಿ. ಅಜ್ಜಿ ನಕ್ಕ ನಗುವಿಗೆ ಉಸಲಿ ನೆತ್ತಿಗೆ ಹತ್ತಿತು.

ಈಗ ಹಳೇ ಗೊಂಬೆಗಳ ವಿಷಯದಲ್ಲಿ ನನ್ನನ್ನು ಎಕ್ಸ್‌ಪರ್ಟ್ ಅನ್ನುತ್ತಾರೆ. ಬ್ಯಾಗಿನಲ್ಲಿ ಸದಾ ಭೂತಗನ್ನಡಿ. ಮೊನ್ನೆ ಹೂಡಿಯ ಅಪಾರ್ಟ್‌ಮೆಂಟೊಂದರ ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಒಂದು ಗೊಂಬೆಯನ್ನು ಎತ್ತಿದವಳೇ ಬೋರಲು ಹಾಕಿ, ಕತ್ತಿನ ಗುರುತು ಹುಡುಕತೊಡಗಿದೆ: ಯಾವ ದೇಶದ್ದು, ವಿಗ್ ಅಸಲಿಯೋ, ಬಿರುಕು ಇದೆಯೋ. ಅದನ್ನು ಮಾರಲು ಕೂತಿದ್ದ ಪುಟ್ಟ ಹುಡುಗಿ ನನ್ನ ತೋಳು ಜಗ್ಗಿದಳು.

"ಅಜ್ಜಿ, ಅವಳ ಮುಖ ಈ ಕಡೆ ಇದೆ."

ಹೌದಲ್ಲ. ಮೊದಲು ಮುಖ ನೋಡುವ ಅಭ್ಯಾಸ ನನಗೆ ಯಾವಾಗ ತಪ್ಪಿಹೋಯಿತೋ.